ಕೆಂಚನಿಗೆ ಶ್ರಾವಣ ಹಿಡಿದದ್ದು

ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಹೊಸಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ಹತ್ತು ವರ್ಷ ಪಾಠ ಹೇಳಿದವನು ನಾನು. ಅಂಥವನಿಗೆ ನಮ್ಮ ನಾಯಿ ಕೆಂಚ ಊಟ ಬಿಟ್ಟದ್ದಕ್ಕೆ ಕಾರಣ ಹುಡುಕುವುದು ಯಾವ ಮಹಾ ಕೆಲಸ! ಯುದ್ಧದ ಕಾಲ ಅದು. ಸಕ್ಕರೆಗೆ, ಸೀಮೆಎಣ್ಣೆಗೆ ರೇಷನ್ ಬಂದಿತ್ತು. ನನ್ನ ಬುದ್ಧಿವಂತಿಕೆಗೆ ಮಾತ್ರ ಬಂದಿರಲಿಲ್ಲ.

"ರೀ, ಕೆಂಚ ಮುದ್ದೆ ಮೂಸಿ ಹಾಗೇ ಬಿಟ್ಬಿಡ್ತಾನೆ," ಎಂದಳು ನನ್ನ ಹೆಂಡತಿ ಲಕ್ಷ್ಮಮ್ಮ. ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಅವನನ್ನು ಸಾಕಿದವಳು ಅವಳು.

"ಶ್ರಾವಣ ಕಣೇ," ಎಂದೆ.

ನಮ್ಮದು ತಿಮ್ಮಪ್ಪನ ಒಕ್ಕಲು. ಶ್ರಾವಣ ಬಂತೆಂದರೆ ಮಾಂಸ ಬೇಯಿಸುವ ಮಡಕೆ ಅಟ್ಟ ಸೇರುತ್ತದೆ. ತಿಂಗಳು ಮುಗಿಯುವವರೆಗೆ ಮನೆಯವರಿಗೂ ನಾಯಿಗೂ ಸೊಪ್ಪಿನ ಸಾರೇ ಗತಿ. ಮೂಳೆ ರುಚಿ ಕಂಡ ಪ್ರಾಣಿ ಸೊಪ್ಪಿಗೆ ಮುಖ ತಿರುಗಿಸಿದೆ, ಅಷ್ಟೇ ಎಂದು ತೀರ್ಪು ಕೊಟ್ಟೆ.

"ಬಾಯಿ ಬೇರೆ ನಾರುತ್ತೆ."

"ತಿಪ್ಪೆ ಕೆದಕಿರ್ತಾನೆ."

"ಜೊಲ್ಲಲ್ಲಿ ರಕ್ತ ಕಾಣುತ್ತಲ್ರೀ?"

"ಮುಳ್ಳು ಕಚ್ಚಿರ್ತಾನೆ."

"ಕೊರಳಿನ ಹಗ್ಗ ಸಡಿಲ ಆಗಿದೆ. ಮೈ ಇಳಿದುಹೋಗಿದೆ."

"ಹಗ್ಗ ಹಳೇದಾಗಿ ಜಗ್ಗಿದೆ ಕಣೇ!"

"ಒಂದ್ಸಲ ಬಾಯಿ ತೆಗೆಸಿ ನೋಡ್ಬಾರ್ದಾ?"

"ನಾಯಿ ಬಾಯಿಗೆ ಕೈ ಹಾಕೋ ಮೂರ್ಖ ನಾನಲ್ಲ," ಎಂದೆ. ನಿಜ. ನಾನು ಬೇರೆ ಜಾತಿಯ ಮೂರ್ಖ.

ಅವಳು ನಂಬಲಿಲ್ಲ. ಸರಿ, ಪ್ರಯೋಗ ಮಾಡಿಯೇ ತೋರಿಸಬೇಕೆಂದು ಹಿಂದಿನ ಮನೆಯ ದರ್ಜಿ ಬಾಷಾ ಸಾಬರ ಬಳಿಗೆ ಹೋದೆ. "ಸಾಬ್ರೇ, ನಾಯಿಗೆ ಸ್ವಲ್ಪ ಮಾಂಸ ಬೇಯಿಸಿಕೊಡಿ. ನಮ್ಮ ಮನೇಲಿ ತಿಳೀಬಾರದು."

ಸಾಬರು ಹೊಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. "ನಾಯಿಗಾ, ಮೇಷ್ಟ್ರೇ?"

"ನಾಯಿಗೇ!"

"ಆಗ್ಲಿ ಬಿಡಿ. ಖಾರ ಹಾಕ್ಸೋದಾ, ಬೇಡ್ವಾ?"

"ಸ್ವಲ್ಪ ಇರ್ಲಿ," ಎಂದುಬಿಟ್ಟೆ!

ಭಾನುವಾರ ಮಧ್ಯಾಹ್ನ ಸಾಬರ ಹಿತ್ತಲಿನಲ್ಲಿ ಪ್ರಯೋಗ ಆರಂಭವಾಯಿತು. ಕೆಂಚನ ಮುಂದೆ ಮುತ್ತುಗದ ಎಲೆಯಲ್ಲಿ ನಾಲ್ಕು ತುಂಡು ಬಡಿಸಿದೆ. ಅವನು ಬಾಲ ಅಲ್ಲಾಡಿಸಿದ, ಒಂದು ತುಂಡು ಬಾಯಿಗೆ ತೆಗೆದುಕೊಂಡ, ಕುಂಯ್ ಎಂದು ಉಗುಳಿ ದೂರ ಹೋಗಿ ಕುಳಿತ. ತಿನ್ನುವುದನ್ನು ಮರೆತನೋ ಏನೋ ಎಂದುಕೊಂಡು, "ನೋಡೋ, ಹೀಗೆ," ಎಂದು ಪಾತ್ರೆಯಿಂದ ಒಂದು ತುಂಡು ನನ್ನ ಬಾಯಿಗೆ ಹಾಕಿಕೊಂಡೆ. ವಿದ್ಯಾರ್ಥಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ತೋರಿಸಿದೆ. ಐದನೆಯ ಸಲ ತೋರಿಸುತ್ತಿದ್ದಾಗ ಬೇಲಿಯಾಚೆ ಒಗೆದ ಬಟ್ಟೆ ಹಿಡಿದು ನಿಂತಿದ್ದ ಲಕ್ಷ್ಮಮ್ಮ ಕಂಡಳು.

"ಏನ್ರೀ ಇದು?"

"ಪರೀಕ್ಷೆ ಮಾಡ್ತಿದ್ದೆ."

"ಯಾರನ್ನ?"

ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿದೆ. ಬೀಳಲಿಲ್ಲ. ಅವಳು ಎಲೆಯ ಮೇಲೆ ಹಾಗೇ ಬಿದ್ದಿದ್ದ ಮಾಂಸವನ್ನು ನೋಡುತ್ತಿದ್ದಳು. "ಮಾಂಸಾನೂ ಬಿಟ್ಟ ಅಂದ್ರೆ ಇವನಿಗೆ ಏನೋ ಆಗಿದೆ ಕಣ್ರೀ," ಎಂದಳು. ಅವಳ ಕಣ್ಣು ತುಂಬಿ ಬಂತು. ನನಗೆ ಆಗ ಹೆದರಿಕೆಯಾಯಿತು. ನಮಗೆ ಮಕ್ಕಳಿರಲಿಲ್ಲ, ಬಾಗಿಲಲ್ಲಿ ನಮ್ಮ ದಾರಿ ಕಾಯುತ್ತಿದ್ದವನು ಕೆಂಚನೊಬ್ಬನೇ.

ಅವಳು ಬಟ್ಟೆ ಬಿಸಾಡಿ ಬಂದು, ಅವನ ತಲೆ ತೊಡೆಯ ಮೇಲಿಟ್ಟುಕೊಂಡು ತುಟಿ ಎತ್ತಿದಳು. ಹಿಂದಿನ ವಸಡಿನಲ್ಲಿ ಬೋರೆಹಣ್ಣಿನಷ್ಟು ಗಂಟು ಬೆಳೆದು ರಕ್ತ ಜಿನುಗುತ್ತಿತ್ತು.

ಮರುದಿನ ಸ್ಕೂಲಿಗೆ ರಜಾ ಹಾಕಿ, ಗಾಡಿ ಕಟ್ಟಿಸಿ ದನದ ಆಸ್ಪತ್ರೆಗೆ ಹೋದೆವು. ಡಾಕ್ಟರು ಕೇಳಿದ್ದಕ್ಕೆಲ್ಲ ಲಕ್ಷ್ಮಮ್ಮನೇ ಉತ್ತರ ಹೇಳಿದಳು: ವಾಸನೆ, ರಕ್ತ, ಒಂದೇ ಕಡೆ ಅಗಿಯುವುದು, ಸಡಿಲವಾದ ಹಗ್ಗ.

"ಭೇಷ್ ತಾಯಿ," ಎಂದರು ಡಾಕ್ಟರು. "ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲ. ಆದ್ರೆ ಬೆಳೆಯೋ ಗಂಟು, ಮಾಯದ ಹುಣ್ಣು, ನಾರೋ ಬಾಯಿ, ಸೊರಗೋ ಮೈ, ಇವನ್ನ ಕಂಡ್ರೆ ಕಾಯ್ಬಾರದು. ಇದು ಶುರುವಾಗಿದ್ದು ಯಾವಾಗ?"

"ಆಷಾಢದಲ್ಲೇ ಸ್ವಾಮಿ. ಆಗಿನ್ನೂ ಮನೇಲಿ ಮಾಂಸ ಮಾಡ್ತಿದ್ವಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಯಜಮಾನರಿಗೆ ಏನೂ ಕಾಣಲಿಲ್ವಾ?"

ಗೋಡೆಯ ಮೇಲೆ ಅಮೃತಮಹಲ್ ಹೋರಿಯ ಚಿತ್ರವೊಂದಿತ್ತು. ಅದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಮದ್ದು ಮೂಸಿಸಿ ಗಂಟು ಕೊಯ್ದು ತೆಗೆದರು. ಮತ್ತೆ ಬರಲೂಬಹುದು, ವಾರಕ್ಕೊಮ್ಮೆ ಬಾಯಿ ತೆಗೆದು ನೋಡಿ ಎಂದರು. ಆ ಕೆಲಸವನ್ನು ಯಾರಿಗೆ ಒಪ್ಪಿಸಿದರೆಂದು ಬೇರೆ ಹೇಳಬೇಕಿಲ್ಲ.

ಶ್ರಾವಣದ ಕೊನೆಯ ಶನಿವಾರದ ಹೊತ್ತಿಗೆ ಗಾಯ ಮಾಗಿತ್ತು. ಲಕ್ಷ್ಮಮ್ಮ ಮುದ್ದೆ ಮುರಿದು ಸೊಪ್ಪಿನ ಸಾರು ಸುರಿದಳು. ಕೆಂಚ ತಲೆಯೆತ್ತದೆ ತಿಂದ, ತಟ್ಟೆ ನೆಕ್ಕಿದ, ಇನ್ನಷ್ಟು ಬೇಕೆಂದು ಬೊಗಳಿದ! ಅವಳು ನನ್ನತ್ತ ನೋಡಿ ನಕ್ಕಳು.

ನಗದೆ ಇನ್ನೇನು ಮಾಡಿಯಾಳು? ಆ ವರ್ಷ ನಮ್ಮ ಮನೆಯಲ್ಲಿ ಮಾಂಸವಿಲ್ಲದೆ ಶ್ರಾವಣ ಕಳೆಯಲಾಗದ ಪ್ರಾಣಿ ಒಂದೇ ಒಂದು. ಅದಕ್ಕೆ ಬಾಲವಿರಲಿಲ್ಲ.