ಮ್ಯಾಲಿಂದ ಬಂದ ರೇಟು

ಪೆಟ್ರೋಲ್ ಬೆಲೆ ಏರಿದ್ದಕ್ಕೆ ಕೊಟ್ಟೂರಿನಲ್ಲಿ ಎಲ್ಲರೂ ಗೊಣಗಿದರು. ಸಮರ ಸಾರಿದವನು ಮಾತ್ರ ಕಿರಾಣಿ ಹೋಲ್‌ಸೇಲ್ ಅಂಗಡಿಯ ಗವಿಸಿದ್ದೇಶ್ ಒಬ್ಬನೇ.

“ನೆಲದಾಗಿನ ಟಾಂಕಿಯೊಳಗ ಇರೋದು ನಿನ್ನಿ ರೇಟಿನ ಪೆಟ್ರೋಲು. ಅದನ್ನ ಇವತ್ತಿನ ರೇಟಿಗೆ ಹೆಂಗ ಮಾರ್ತಿ?” ಎಂದು ಬಂಕಿನಲ್ಲಿ ಕೇಳಿದ. ಪೈಪು ಹಿಡಿದವನು ಬೊಟ್ಟು ಮೇಲೆತ್ತಿದ.

“ಮ್ಯಾಲಿಂದ ಬರ್ತೈತ್ರಿ.”

ಗವಿಸಿದ್ದೇಶ್ ಕತ್ತೆತ್ತಿ ನೋಡಿದ. ತಗಡಿನ ಚಾವಣಿ, ಅದರಡಿ ಜೋಡಿ ಪಾರಿವಾಳ. (ಅವುಗಳ ಮೋರೆಯಲ್ಲಿ ಅಪರಾಧದ ಲಕ್ಷಣವೇನೂ ಇರಲಿಲ್ಲ.) ಒಂದು ಹನಿಯನ್ನೂ ಹಾಕಿಸದೆ ಗಾಡಿ ತಿರುಗಿಸಿದ.

ಮರುದಿನ ನೀಲಗುಂದದಲ್ಲಿ ಅವನ ಹೆಂಡತಿ ರೇಖಾಳ ತಮ್ಮನ ಕೂಸಿಗೆ ತೊಟ್ಟಿಲು. ಕೂಸಿನ ಕಿವಿಯಲ್ಲಿ ಹೆಸರು ಉಸುರಬೇಕಾದವಳು ಸೋದರತ್ತೆ, ಅಂದರೆ ರೇಖಾ. ಅವಳು ಹೋಗಿ ಮುಟ್ಟುವ ತನಕ ಕೂಸು ಹೆಸರಿಲ್ಲದ ಬರೀ ಕೂಸು.

“ಬಂಕಿಗೆ ಹೋಗಿ ಹೋಗೋಣ್ರಿ,” ಎಂದಳು ಅವಳು, ಗಾಡಿ ಏರುತ್ತ.

“ಇಲ್ಲಿ ಬ್ಯಾಡ. ದಾರ್ಯಾಗ ಹರಪನಹಳ್ಳ್ಯಾಗ ಲೀಟರಿಗೆ ಎಂಟು ಪೈಸಾ ಕಡಿಮಿ ಐತಂತ.”

“ಅಲ್ಲಿತನ ಮುಟ್ಟತೈತೇನು?”

“ಇಳಿಜಾರು ಬಂದಾಗ ಎಂಜಿನ್ ಬಂದ್ ಮಾಡಿಬಿಡ್ತೀನಿ. ತಾನ ಓಡ್ತೈತಿ.”

ಓಡಿತು ಕೂಡ. ಸದ್ದಿಲ್ಲದೆ, ಹಂಸದಂತೆ. ಎರಡೂ ಬದಿಯ ಮೆಕ್ಕೆಜೋಳ ಗಾಳಿಗೆ ತಲೆದೂಗಿತು, ರೇಖಾಳ ಸೆರಗು ಹಿಂದೆ ಹಾರಿತು. ಇಷ್ಟು ಅಗ್ಗದ ಸುಖ ಗವಿಸಿದ್ದೇಶನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ತೊಂದರೆ ಇಷ್ಟೇ, ಇಳಿಜಾರು ಮುಗಿದ ಮೇಲೆ ಏರು ಬಂತು. ಏರಿನ ನಡುವೆ ಗಾಡಿ ಎರಡು ಸಲ ಕೆಮ್ಮಿ ನಿರ್ವಿಕಲ್ಪ ಸಮಾಧಿಗೆ ಹೋಯಿತು.

ಅವನು ತಳ್ಳಿದ. ಅವಳು ಕೂಸಿಗೆಂದು ತಂದ ಕುಲಾವಿ, ಕಾಲ್ಗಡಗದ ಚೀಲ ಹಿಡಿದು ಹಿಂದೆ ನಡೆದಳು.

“ಹೆಲ್ಮೆಟ್ಟರ ತೆಗೀರಿ. ಕೊಡ ಮಗುಚಿದಂಗ ಬೆವರು ಸುರಿಯಾಕತ್ತೈತಿ.”

“ಬ್ಯಾಡ. ಗಿರಾಕಿ ಯಾರರ ನೋಡಿದ್ರ ಮರ್ಯಾದಿ ಹೊಕ್ಕೈತಿ.”

“ಎಷ್ಟು ಹೊಕ್ಕೈತಿ, ಎಂಟು ಪೈಸಾದ್ದು.”

ಅಷ್ಟರಲ್ಲಿ ತಮ್ಮನ ಫೋನು. “ಅಕ್ಕಾ, ಎಲ್ಲದೀರಿ? ಕೂಸು ಅತ್ತು, ಮಲಗಿ, ಎದ್ದೂ ಆತು.”

“ಬಂದ್ವಿ ತಮ್ಮಾ. ನಿಮ್ಮ ಮಾವ ಗಾಡಿಗೆ ವಾಕಿಂಗ್ ಮಾಡ್ಸಾಕತ್ತಾರ.”

ಏರಿನ ತುದಿಯಲ್ಲಿ ಹಂಪಮ್ಮ ಎಂಬ ಮುದುಕಿಯ ಗೂಡಂಗಡಿ. ಬಾಳೆಹಣ್ಣು, ಬೀಡಿಕಟ್ಟುಗಳ ಪಕ್ಕ ನೀರಿನ ಬಾಟಲಿಗಳಲ್ಲಿ ಪೆಟ್ರೋಲು ಬಿಸಿಲಿಗೆ ಹೊಳೆಯುತ್ತಿತ್ತು.

“ಬಾಟ್ಲಿ ಎಷ್ಟವ್ವಾ?”

“ನೂರಾ ನಲವತ್ತು.”

“ನೂರಾ ನಲವತ್ತು? ಯಾವಾಗ ತಂದಿದ್ದು ಇದು?”

“ಹೋದ ವಾರ.”

ಹೆಲ್ಮೆಟ್ಟಿನೊಳಗೆ ಗವಿಸಿದ್ದೇಶನ ಕಣ್ಣು ಹೊಳೆದವು. “ಹಂಗಾರ ಹಳೇ ರೇಟಿನ ಮಾಲು. ಅದಕ್ಕ ಹೊಸ ರೇಟು ಹಚ್ಚೋದು ನ್ಯಾಯ ಏನು?”

ಹಂಪಮ್ಮ ಎಲೆಗೆ ಸುಣ್ಣ ಸವರಿ, ಅದೇ ಬೊಟ್ಟನ್ನು ಮೇಲೆತ್ತಿದಳು. “ಮ್ಯಾಲಿಂದ ಬಂದೈತಪ.”

“ಮ್ಯಾಲಿಂದ ಅಂದ್ರ ಯಾರು?”

“ಅದು ನನಗೇನು ಗೊತ್ತು? ನನ್ನ ಮಗ ಕೊಟ್ಟೂರಿನ ಸಾವ್ಕಾರನ ಕಡಿಂದ ಸಾಮಾನು ತರ್ತಾನ. ಅಡಿಗಿ ಎಣ್ಣಿ ರೇಟು ಏರಿದ ದಿನ ಆ ಸಾವ್ಕಾರ ಹಳೇ ಡಬ್ಬಿಗೂ ಹೊಸ ರೇಟು ಹಚ್ಚತಾನಂತ. ಕೇಳಿದ್ರ ಹಿಂಗ ಬೊಟ್ಟು ತೋರಸ್ತಾನಂತ. ನಾನೂ ಕಲ್ತೆ. ಭಾಳ ಚಲೋ ಮಾತು ನೋಡು, ಕೇಳಿದವ್ರು ಸುಮ್ನ ರೊಕ್ಕ ಕೊಟ್ಟು ಹೊಕ್ಕಾರ.”

ಅವಳ ಬೊಟ್ಟಿನ ನೇರಕ್ಕೆ ಗವಿಸಿದ್ದೇಶ್ ಕತ್ತೆತ್ತಿದ. ಅಂಗಡಿಯ ತಗಡಿಗೆ ಒಂದು ಕ್ಯಾಲೆಂಡರ್ ನೇತುಬಿದ್ದಿತ್ತು. ಮೇಲೆ ಲಕ್ಷ್ಮಿ. ಕೆಳಗೆ, ಎರಡೂ ಕೈ ಮುಗಿದು ನಗುತ್ತಿರುವ ಅವನದೇ ಫೋಟೋ. ದೀಪಾವಳಿಗೆ ಗಿರಾಕಿಗಳಿಗೆಲ್ಲ ಅವನೇ ಹಂಚಿದ್ದು.

ಅವನು ಸುಮ್ಮನೆ ರೊಕ್ಕ ಕೊಟ್ಟ. ಪೆಟ್ರೋಲು ಗುಳುಗುಳು ಟಾಂಕಿಗಿಳಿಯಿತು. ಒಳಗಿನ ಸೆಕೆ ತಡೆಯಲಾರದೆ ಅವನ ಕೈ ಗದ್ದದ ಪಟ್ಟಿಗೆ ಹೋಯಿತು.

ರೇಖಾ ಮೆಲ್ಲಗೆ ಆ ಕೈ ಹಿಡಿದಳು.

“ನಡೀರಿ, ಕೂಸು ಕಾಯಾಕತ್ತೈತಿ,” ಎಂದಳು. “ನೀಲಗುಂದ ಬರೋತನ ಹೆಲ್ಮೆಟ್ ತೆಗೀಬ್ಯಾಡ್ರಿ.”