ನಮ್ಮ ನಾಯಿಯ ಅರ್ಜಿ ಹೊತ್ತೊಯ್ದ ನರಿಗೆ

ಇವರಿಗೆ,
ಶ್ರೀಯುತ ನರಿಯವರು,
ಬೆಂಕಿ ಬಣ್ಣದ ಬಾಲ ಹೊದ್ದು ಗುಂಡಗೆ ಮಲಗಿರುವವರು,
ನನ್ನ ಫೋನಿನ ಎರಡನೆಯ ಸಾಲು, ಬಲಗಡೆಯಿಂದ ಮೊದಲನೆಯ ಮನೆ.

ಮಾನ್ಯರೇ,

ಅನಗೋಳದಿಂದ ಸಿದರಾಯ ಮಾಡುವ ನಮಸ್ಕಾರಗಳು. ಇತ್ತ ನಾನು, ನನ್ನ ಮಗಳು ಪ್ರಮಿಳಾ, ಅಳಿಯ ಬಾಳೇಶ, ಮೊಮ್ಮಗಳು ಸೃಷ್ಟಿ ಮತ್ತು ನಮ್ಮ ನಾಯಿ ಹಂಡ್ಯಾ ತಮ್ಮ ಕೃಪೆಯಿಂದ ಕ್ಷೇಮವಾಗಿದ್ದೇವೆ. 'ತಮ್ಮ ಕೃಪೆಯಿಂದ' ಎಂಬ ಎರಡು ಶಬ್ದ ಬರೆಯುವಾಗ ನನ್ನ ಹಲ್ಲು ಕಟಕಟ ಎಂದದ್ದು ತಮಗೆ ಅಲ್ಲಿಯ ತನಕ ಕೇಳಿಸಿರಬಹುದು. ನನ್ನ ತಕರಾರು ಇರುವುದೇ ಆ ಎರಡು ಶಬ್ದಗಳಲ್ಲಿ.

ತಾವು ನನ್ನನ್ನು ಮರೆತಿರಬಹುದು, ಕದ್ದವರಿಗೆ ನೆನಪು ಕಡಿಮೆ. ನಾನು ಖಾನಾಪುರ ತಾಲೂಕಿನವನು. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ನಲವತ್ತೈದು ವರ್ಷ ಕುರಿ ಕಾಯ್ದವನು. ತೋಳ ನಮಗೆ ವೈರಿ, ಆದರೆ ಮರ್ಯಾದೆಯುಳ್ಳ ವೈರಿ, ಬಂದರೆ ಎದುರಿಗೇ ಬರುತ್ತದೆ. ತಮ್ಮ ಕುಲದವರು ಹಾಗಲ್ಲ. ಯಾವ ಕುರಿ ಮರಿ ಹಾಕಿದೆ, ಕಾಯುವವನಿಗೆ ಎಷ್ಟು ಹೊತ್ತಿಗೆ ಜೂಗಡಿಕೆ ಬಂದು ಕಣ್ಣು ಮುಚ್ಚುತ್ತದೆ ಎಂದು ಮೊದಲೇ ವಿಚಾರಿಸಿಕೊಂಡು ಬರುತ್ತಾರೆ. ಲೋಂಡಾದ ಅಡವಿಯ ಅಂಚಿನಲ್ಲಿ ನಾವು ಹಿಂಡನ್ನು ಒಂದೆಡೆ ತರುಬಿ ನಿಲ್ಲಿಸಿದ್ದಾಗ ಗೋವಾದ ಗಾಡಿ ಸೀಟಿ ಹೊಡೆಯಿತೆಂದು ಅತ್ತ ನೋಡಿದೆವು, ಇತ್ತ ತಾವು ಎರಡು ಮರಿಗಳನ್ನು ಒಯ್ದಿರಿ. ಅಂದು ತಮ್ಮ ಬೆನ್ನು ಹತ್ತಿ ಹೋಗಿ ಎಡಗಿವಿಯ ಅರ್ಧ ಭಾಗವನ್ನು ತಮ್ಮ ಬಾಯಲ್ಲಿ ಬಿಟ್ಟು ಬಂದವನೇ ನಮ್ಮ ಹಂಡ್ಯಾ. ಆ ಕಿವಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಎರಡು ವರ್ಷದ ಹಿಂದೆ ನನ್ನ ಮೊಣಕಾಲು ಕೈಕೊಟ್ಟಿದ್ದರಿಂದ ಕುರಿಗಳನ್ನು ಮಾರಿ, ಅನಗೋಳದ ಮಗಳ ಮನೆಗೆ ಬಂದೆ, ಹಂಡ್ಯಾನೂ ಬಂದ. ಕುರಿ ಹೋದವು, ಅವನ ಕಸುಬು ಹೋಗಲಿಲ್ಲ. ಟ್ಯೂಷನ್‌ಗೆ ಹೋಗುವ ಮಕ್ಕಳನ್ನು ಸಾಲು ತಪ್ಪದಂತೆ ನಡೆಸಿಕೊಂಡು ಹೋಗುವುದು, ಕಾಯಿಪಲ್ಲೆ ಗಾಡಿಯ ಸುತ್ತ ಚದುರಿ ನಿಂತ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸುವುದು, ಇದೆಲ್ಲ ಅವನು ಯಾರೂ ಕೇಳದೆ ಮಾಡುತ್ತಿದ್ದ ಸಮಾಜಸೇವೆ. ಆದರೆ ಕಳೆದ ತಿಂಗಳು ಗಲ್ಲಿಯ ಪಂಚರು ಸಭೆ ಮುಗಿಸಿ ಹೊರಬಿದ್ದಾಗ ಏಳೂ ಜನ ಏಳು ದಿಕ್ಕಿಗೆ ಹೊರಟದ್ದು ಅವನಿಗೆ ಸರಿಬರಲಿಲ್ಲ. ಅವರನ್ನು ಹನುಮಪ್ಪನ ಗುಡಿಯ ಗೋಡೆಗೆ ಒತ್ತಿ ಐವತ್ತು ನಿಮಿಷ ತರುಬಿದ. ಕಚ್ಚಲಿಲ್ಲ, ಬೊಗಳಲೂ ಇಲ್ಲ. ಹೊರಗೆ ಕಾಲಿಟ್ಟವರ ಮೊಣಕಾಲನ್ನು ಮೂತಿಯಿಂದ ತಿವಿದು ಒಳಗೆ ಸೇರಿಸುತ್ತಿದ್ದನಷ್ಟೆ. ಪಂಚರ ಹಿರಿಯ ನಾಗಲಿಂಗನವರು ಬಿಡುಗಡೆಯಾದ ಕೂಡಲೇ ನಮ್ಮ ಬಾಗಿಲಿಗೆ ಬಂದು, "ಇದು ನಾಯಿ ಅಲ್ರಿ ಅಜ್ಜಾರ, ತಹಶೀಲ್ದಾರ ಐತಿ! ಶನಿವಾರ ಸಂಜಿ ಐದರೊಳಗ ಆನ್‌ಲೈನ್ ನೋಂದಣಿ ಆಗಿ ಚೀಟಿ ನನ್ನ ಕೈಗೆ ಬರಬೇಕು, ಇಲ್ಲಂದ್ರ ನಾಯಿ ಹಿಡಿಯೋ ಗಾಡಿ ಕರಸ್ತೀನಿ," ಎಂದು ಹೇಳಿ ಹೋದರು. ಆ ಗಾಡಿ ಹತ್ತಿದ ನಾಯಿ ತಿರುಗಿ ಬಂದದ್ದನ್ನು ನಮ್ಮ ಗಲ್ಲಿಯಲ್ಲಿ ಯಾರೂ ಕಂಡಿಲ್ಲ.

ಪಾಲಿಕೆಯ ಆ ಅರ್ಜಿ ಕಾಗದದ ಮೇಲೆ ಸಿಗುವುದಿಲ್ಲ, ಇಂಟರ್ನೆಟ್ಟಿನೊಳಗೆ ಕುಂತಿದೆ, ಅಲ್ಲಿಗೆ ಹೋಗಲು ಬ್ರೌಸರ್ ಎಂಬ ಬಾಗಿಲು ಬೇಕು, ಬಾಗಿಲು ಒಂದಲ್ಲ ಹತ್ತಿವೆ, ಮತ್ತು ಪ್ರತಿಯೊಬ್ಬರಿಗೂ ತಮ್ಮ ಬಾಗಿಲೇ ಕೈಲಾಸದ ಬಾಗಿಲು ಎಂಬುದೆಲ್ಲ ನನಗೆ ತಿಳಿದದ್ದು ಆ ವಾರದಲ್ಲಿ. ಅವುಗಳ ಇಂಗ್ಲಿಷ್ ಹೆಸರು ನನಗೆ ಓದಲು ಬರುವುದಿಲ್ಲ. ಬೆನ್ನಿಗೆ ಹಚ್ಚಿದ ಬಣ್ಣ ನೋಡಿ ಯಾರ ಕುರಿ ಎಂದು ಹೇಳುವವನಿಗೆ ಹೆಸರು ಬೇಕಾಗಿಯೂ ಇಲ್ಲ.

ಮೊದಲು ಅಳಿಯ ಬಾಳೇಶನ ಫೋನು. ಅವನದು ಕೆಂಪು, ಹಳದಿ, ಹಸಿರು ಬಳೆ ತೊಟ್ಟು ನಡುವೆ ನೀಲಿ ಕಣ್ಣಿಟ್ಟ ಗುಂಡು. ಇದನ್ನೇ ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳಿದ್ದಕ್ಕೆ, "ಫೋನ್ ತಂದಾಗ ಒಳಗ ಇದಾ ಇತ್ರಿ ಮಾವಾರ, ಎಲ್ಲಾರೂ ಇದನ್ನಾ ಒತ್ತತಾರ," ಎಂದ. ಮಾನ್ಯರೇ, ಹಿಂಡಿನ ಮುಂದೆ ಒಂದು ಆಡನ್ನು ಬಿಟ್ಟರೆ ಇನ್ನೂರು ಕುರಿ ಅದರ ಹಿಂದೆ ಹೋಗುತ್ತವೆ. ಆಡು ಎಲ್ಲಿಗೆ ಹೊರಟಿದೆ ಎಂದು ಒಂದು ಕುರಿಯಾದರೂ ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಆದರೂ ಸುಳ್ಳು ಹೇಳಬಾರದು, ಆ ಗುಂಡಿನ ನಡಿಗೆ ಭಾರಿ ಚುರುಕು. ಮೇವು ಮಾತ್ರ ನಡಿಗೆಗಿಂತ ಜೋರು. ನಾಲ್ಕು ಪುಟ ತೆರೆಯುವಷ್ಟರಲ್ಲಿ ಬಾಳೇಶನ ಹಳೆಯ ಫೋನು ಹಪ್ಪಳ ಸುಡುವಷ್ಟು ಕಾಯ್ದಿತ್ತು. ಅರ್ಜಿ ತುಂಬಿ ಹಂಡ್ಯಾನ ಫೋಟೊ ಹಾಕುವ ಜಾಗಕ್ಕೆ ಬಂದಾಗ ಪುಟದ ಮೇಲೆ ಒಂದು ಚಕ್ರ ತಿರುಗತೊಡಗಿತು. ಪ್ರಮಿಳಾ ಒಳಗೆ ಹನ್ನೊಂದು ರೊಟ್ಟಿ ಬಡಿದು ಬೇಯಿಸಿ ಮುಗಿಸಿದಳು, ಚಕ್ರ ನಿಲ್ಲಲಿಲ್ಲ.

ಆಮೇಲೆ ಬಾಜೂ ಮನೆಯ ತಮ್ಮಣ್ಣ. ಅವನಲ್ಲಿರುವುದು ದುಬಾರಿ ಫೋನು, ಅದರಲ್ಲಿ ದಿಕ್ಕು ತೋರಿಸುವ ಮುಳ್ಳಿನ ಚಿತ್ರ. ಅವನು ಫೋನನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು, "ಇದ್ರಾಗ ಯಾರೂ ನಮ್ಮ ಬೆನ್ನ ಹತ್ತಂಗಿಲ್ಲ ಸಿದರಾಯ, ದೊಡ್ಡ ಮಂದಿ ಬಾಗಲಾ ಇದು. ಚಾರ್ಜೂ ಸಂಜೀತನ ಬರತೈತಿ," ಎಂದ. ನಿನ್ನ ಬೆನ್ನು ಹತ್ತಿ ಯಾರಿಗೆ ಏನು ಸಿಗಬೇಕಾಗಿದೆಯೋ ಎಂದು ನಾನು ಕೇಳಲಿಲ್ಲ, ನನಗೆ ಕೆಲಸವಿತ್ತು. ಅಲ್ಲಿ ಫೋಟೊ ಕೂತಿತು. ಆದರೆ ಅರ್ಜಿ ಕಳಿಸುವ ಗುಂಡಿ ಪರದೆಯ ಕೆಳ ಅಂಚಿನಲ್ಲಿ ಕೆರೆಗಿಳಿದ ಎಮ್ಮೆಯ ಹಾಗೆ ಬೆನ್ನಷ್ಟೇ ತೋರಿಸುತ್ತಿತ್ತು, ಒತ್ತಲು ಹೋದರೆ ಮುಳುಗುತ್ತಿತ್ತು. ಪುಟ ಕಟ್ಟಿದವನ ತಪ್ಪು ಎಂದು ತಮ್ಮಣ್ಣ, ಬಾಗಿಲಿನ ತಪ್ಪು ಎಂದು ಬಾಳೇಶ, ಇಬ್ಬರೂ ಕಟ್ಟೆಯ ಮೇಲೆ ನಿಂತು ಅರ್ಧ ಗಂಟೆ ಜಗಳಾಡಿ ಮಾತು ಬಿಟ್ಟರು. ಹೊಲದ ಬದುವಿಗೆ ಇಷ್ಟು ಕಾದಾಡಿದವರನ್ನು ಕಂಡಿದ್ದೇನೆ. ತಮ್ಮದಲ್ಲದ ಬಾಗಿಲಿಗೆ ಕಾದಾಡಿದವರನ್ನು ಕಂಡದ್ದು ಅದೇ ಮೊದಲು.

ಸಿಟ್ಟಿನಲ್ಲಿ ನೇರ ನಾಗಲಿಂಗನವರ ಕಂಪ್ಯೂಟರಿಗೇ ಹೋದೆ. ಅಲ್ಲಿ ಬಾಗಿಲಾಗಿ ಸಮುದ್ರದ ನೀಲಿ ತೆರೆಯೊಂದು ಸುರುಳಿ ಸುತ್ತಿಕೊಂಡು ಕುಂತಿತ್ತು. ಇದು ಹೇಗೆ ಎಂದೆ. "ಅದು ಕಂಪ್ಯೂಟರಿನ ಜೋಡಿನ ಬರತೈತ್ರಿ. ಅದನ್ನ ತೆರದು ಮೂರು ಬಣ್ಣದ ಗುಂಡು ತರಿಸಿಕೊಳ್ಳೂದು, ಅಷ್ಟಾ ಅದರ ಕೆಲಸ," ಎಂದರು. ನನಗೆ ಆ ತೆರೆಯ ಮೇಲೆ ಕನಿಕರ ಬಂತು. ಮನೆಗೆ ಬಂದ ಬೀಗರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಆಚೆ ಓಣಿಯವರನ್ನು ಊಟಕ್ಕೆ ಕರೆದುಕೊಂಡು ಬಾ ಎಂದು ಕಳಿಸಿದ ಹಾಗಲ್ಲವೇ ಇದು? ಅದರಲ್ಲಿ ತೆರೆದಾಗ ನೋಂದಣಿಯ ಪುಟವೂ ಅದನ್ನೇ ಹೇಳಿತು: ದಯವಿಟ್ಟು ಬೇರೆ ಬ್ರೌಸರ್ ಬಳಸಿ.

ಅಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. ಹಂಡ್ಯಾನ ಹೆಸರು ಬರೆದದ್ದೇ ತಡ, ಬಾಳೇಶ ಏನು ತೆರೆದರೂ ನಾಯಿಯ ಶಾಂಪೂ, ನಾಯಿಯ ಸ್ವೆಟರು, ನಾಯಿಯ ಹುಟ್ಟುಹಬ್ಬದ ಕೇಕು ಎದುರಿಗೆ ಬರತೊಡಗಿದವು. ಸೃಷ್ಟಿ ತಿಳಿಸಿ ಹೇಳಿದಳು. ಪುಟಗಳು ಹೊಕ್ಕವರಿಗೊಂದು ಗುರುತು ಕಟ್ಟಿ ಕಳಿಸುತ್ತವಂತೆ. ನಾವೂ ಮುಂದಾಳು ಟಗರಿನ ಕೊರಳಿಗೆ ಗಂಟೆ ಕಟ್ಟುತ್ತಿದ್ದೆವು, ಎಲ್ಲಿ ಮೇಯುತ್ತಿದೆ ಎಂದು ತಿಳಿಯಲಿಕ್ಕೆ. ಆದರೆ ಟಗರಿಗೆ 'ಒಪ್ಪಿಗೆ ಇದೆಯೇ' ಎಂದು ಕೇಳಿ ಅದರಿಂದಲೇ ಗುಂಡಿ ಒತ್ತಿಸಿಕೊಳ್ಳುವಷ್ಟು ಜಾಣತನ ನಮಗಿರಲಿಲ್ಲ. ಗುಟ್ಟಾಗಿ ನೋಡುವ ಕರಿ ಕಿಟಕಿಯೂ ಒಂದಿದೆಯಂತೆ. ಸಂತೆಯಲ್ಲಿ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿದ ಹಾಗೆ ಇರಬೇಕು ಎಂದು ನಾನು ಖುಷಿಪಟ್ಟರೆ, "ಹಂಗಲ್ಲ ಅಜ್ಜಾ, ಅದು ಮನ್ಯಾಗಿನವ್ರಿಗಷ್ಟ ಕಾಣಂಗಿಲ್ಲ, ಹೊರಗಿನವ್ರಿಗೆ ಕಾಣತೈತಿ," ಎಂದಳು. ಅಂದರೆ ಸ್ವಂತ ಹೆಂಡತಿಯ ಕಣ್ಣಿಗಷ್ಟೇ ಟವೆಲ್ಲು!

ಶನಿವಾರ ನಾಲ್ಕೂವರೆ. ಹಂಡ್ಯಾ ಬಾಗಿಲಲ್ಲಿ ಮಲಗಿ ಎರಡು ಮುಂಗಾಲಿನ ಮೇಲೆ ಮೂತಿ ಇಟ್ಟಿದ್ದ. ಆಗ ಸೃಷ್ಟಿ, "ಅಜ್ಜಾ, ನನ್ನ ಫೋನಿನ್ಯಾಗ ಇನ್ನೊಂದು ಬಾಗಲಾ ಐತಿ. ಆದ್ರ ಅದರ ಚಿತ್ರ ನೋಡಿದ್ರ ನೀ ಸಿಟ್ಟಿಗೇಳತಿ," ಎಂದು ಫೋನು ಮುಂದೆ ಹಿಡಿದಳು. ಅಲ್ಲಿ ತಾವಿದ್ದಿರಿ.

"ನನ್ನ ನಾಯಿ ಅರ್ಜಿ ನರಿ ಕೈಯಾಗ ಕೊಡೂದಾ? ಓಣಿ ಮಂದಿ ನಗೂದಿಲ್ಲೇನ?" ಎಂದು ನಾನು ಚೀರಿದ್ದು ನಿಜ. "ಓಣಿ ಮಂದಿ ನಗತಾರಜ್ಜಾ, ಗಾಡಿಯವ್ರು ನಗಂಗಿಲ್ಲ," ಎಂದು ಅವಳು ಹೇಳಿದ್ದೂ ನಿಜ. ನನ್ನನ್ನು ಸಮಾಧಾನ ಮಾಡಲು, ಅದು ನರಿಯಲ್ಲ, ಅದರ ಇಂಗ್ಲಿಷ್ ಹೆಸರು ಹಿಮಾಲಯದ ಕಡೆಯ ಬಿದಿರು ತಿನ್ನುವ ಕೆಂಪು ಪ್ರಾಣಿಯೊಂದರದು ಎಂದೂ ಹೇಳಿ ನೋಡಿದಳು. ಬಿದಿರು ತಿನ್ನುವುದಾದರೆ ಬಾಲಕ್ಕೆ ಬೆಂಕಿ ಹಚ್ಚಿಕೊಂಡು ಯಾಕೆ ಕುಂತಿದೆ ಎಂದು ಕೇಳಿದ್ದಕ್ಕೆ ಅವಳು ಗಡಿಯಾರ ತೋರಿಸಿದಳು. ನಾಲ್ಕು ನಲವತ್ತಕ್ಕೆ ನಾನು ಮುಖ ಆಚೆ ತಿರುಗಿಸಿ "ಒತ್ತು" ಎಂದೆ.

ಅರ್ಜಿಯಲ್ಲಿ ಪ್ರಾಣಿಯ ಮೊಬೈಲ್ ಸಂಖ್ಯೆ ಕಡ್ಡಾಯವಿತ್ತು, ನನ್ನದನ್ನು ಕೊಟ್ಟೆವು. ಈಗ ಲಸಿಕೆ ಹಾಕಿಸಿಕೊಳ್ಳಿ ಎಂದು ನನಗೆ ಸಂದೇಶಗಳು ಬರುತ್ತವೆ. ತಳಿಗಳ ಪಟ್ಟಿಯಲ್ಲಿ ನಾಲಿಗೆ ಹೊರಳದ ಮೂವತ್ತಾರು ಹೆಸರಿದ್ದವು, ನಮ್ಮ ಕಡೆಯದು ಒಂದೂ ಇರಲಿಲ್ಲ. ಸಾಕುವ ಉದ್ದೇಶ ಎಂಬಲ್ಲಿ ಅಲಂಕಾರ, ಒಡನಾಟ, ಕಾವಲು ಎಂದಿತ್ತು. ಹಂಡ್ಯಾನ ಉದ್ದೇಶ ಆಡಳಿತ, ಅದಕ್ಕೆ ಜಾಗವಿರಲಿಲ್ಲ. ನೀವು ಯಂತ್ರವಲ್ಲ ಎಂದು ತೋರಿಸಿ, ಸಿಗ್ನಲ್ ದೀಪವಿರುವ ಚಿತ್ರ ಆರಿಸಿ ಎಂದು ಕೇಳಿದಾಗ ಕಲಿತ ಹುಡುಗಿ ಸೃಷ್ಟಿ ಎರಡು ಸಲ ತಪ್ಪಿದಳು. ಕುರಿಯಿರುವ ಚಿತ್ರ ಕೇಳಿದ್ದರೆ ನಾನು ಕಣ್ಣು ಮುಚ್ಚಿ ಆರಿಸುತ್ತಿದ್ದೆ. ಕೊನೆಗೆ ಫೋಟೊ. ಎರಡೂ ಕಿವಿ ಕಾಣಬೇಕು ಎಂದಿತ್ತು. ಹಂಡ್ಯಾನ ಒಂದೂವರೆ ಕಿವಿಯ ಫೋಟೊವನ್ನು ತಾವು ಮಿಕಿಮಿಕಿ ನೋಡದೆ, ಚಕ್ರ ತಿರುಗಿಸದೆ, ಗುಂಡಿ ಮುಳುಗಿಸದೆ ಒಂದೇ ಉಸುರಿಗೆ ಎತ್ತಿಕೊಂಡು ಹೋದಿರಿ. ತಮ್ಮವರೇ ಕಚ್ಚಿದ ಕಿವಿ, ತಾವೇ ಹೊತ್ತು ಒಯ್ದಿರಿ! ನರಿ ಕೂಗು ಗಿರಿ ಮುಟ್ಟೀತೇ ಎಂದು ಹಿರಿಯರು ಕೇಳಿದ್ದರು. ಗಿರಿಯ ಮಾತು ಬಿಡಿ, ಐದಕ್ಕೆ ಎಂಟು ನಿಮಿಷವಿರುವಾಗ ತಮ್ಮ ಕೂಗು ಕಚೇರಿ ಮುಟ್ಟಿ, ಹಸಿರು ಗುರುತಿನ ಚೀಟಿ ಬಂತು.

ಐದಕ್ಕೆ ಸರಿಯಾಗಿ ಗಾಡಿಯೊಂದಿಗೆ ಬಂದ ನಾಗಲಿಂಗನವರು ಚೀಟಿಯನ್ನು ಮೂರು ಸಲ ಓದಿದರು. ಅವರು ಓದುವಷ್ಟರಲ್ಲಿ ಹಂಡ್ಯಾ ಗಾಡಿಯ ಇಬ್ಬರು ಆಳುಗಳನ್ನು ಗೋಡೆಗೆ ತರುಬಿದ್ದ, ಈ ಸಲ ನೋಂದಾಯಿತ ನಾಯಿಯಾಗಿ.

ಹೀಗಿರುವಾಗ ನನ್ನ ಗತಿ ಏನು ಎಂದು ತಾವೇ ಹೇಳಬೇಕು. ನಲವತ್ತೈದು ವರ್ಷ ಜೋಪಾನ ಮಾಡಿದ ಸಿಟ್ಟನ್ನು ಈ ವಯಸ್ಸಿನಲ್ಲಿ ಎಲ್ಲಿ ಇಳಿಸಲಿ? ಆದ್ದರಿಂದ ತಾವು ದಯಮಾಡಿ ಒಂದಾದರೂ ತಪ್ಪು ಮಾಡಬೇಕು. ವಾರಕ್ಕೊಮ್ಮೆ ನಡುವೆ ನಿಂತುಬಿಟ್ಟರೂ ಸಾಕು, ನಾನು ಬೈದು ಹಗುರಾಗುತ್ತೇನೆ. ಅದು ಆಗದಿದ್ದರೆ ಲೋಂಡಾದ ಆ ಎರಡು ಮರಿಗಳನ್ನು, ಇಷ್ಟರಲ್ಲಿ ಅವು ಕಾಣಬೇಕಾಗಿದ್ದ ಮಕ್ಕಳು ಮೊಮ್ಮಕ್ಕಳ ಸಮೇತ, ತಂದು ಕಟ್ಟೆಯ ಮುಂದೆ ಬಿಡಬೇಕು. ಅದೂ ಆಗದಿದ್ದರೆ ತಮ್ಮ ಚಿತ್ರ ತೆಗೆಸಿ ಒಂದು ಟಗರಿನ ಚಿತ್ರ ಹಾಕಿಸಿಕೊಳ್ಳಬೇಕು, ಕೋಡು ಸುರುಳಿಯಿರಲಿ. ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಶುಭ ಎಂದು ಊರವರು ಹೇಳುತ್ತಾರೆ. ಅವರ ಹತ್ತಿರ ಕುರಿ ಇರಲಿಲ್ಲ.

ಇನ್ನೊಂದು ಮಾತು, ಇದನ್ನು ತಮ್ಮ ಮೇಲಿನ ಪ್ರೀತಿ ಎಂದು ತಿಳಿಯಬೇಡಿ. ನೂರು ಮಂದಿಯಲ್ಲಿ ತಮ್ಮನ್ನು ಇಟ್ಟುಕೊಂಡವರು ಈಗ ನಾಲ್ಕಾರು ಮಂದಿಯೂ ಇಲ್ಲ ಎಂದು ಸೃಷ್ಟಿ ಹೇಳುತ್ತಾಳೆ. ತಾವು ಹಾಗೆಲ್ಲ ಸಾಯುವಂತಿಲ್ಲ. ಒಂದೇ ಬಾಗಿಲಿರುವ ಊರಿನಲ್ಲಿ ಬಾಗಿಲು ಕಾಯುವವನೇ ಗೌಡ. ಅವನು ತೆರೆದರೆ ಬೆಳಕು, ಮುಚ್ಚಿದರೆ ಕತ್ತಲೆ. ಹಂಡ್ಯಾನ ಚೀಟಿ ಒಂದು ವರ್ಷದ್ದು, ಬರುವ ವರ್ಷ ಮತ್ತೆ ತಮ್ಮ ಬಾಗಿಲಿಗೇ ಬರಬೇಕು. ಅಲ್ಲಿಯ ತನಕ ಅನ್ನ ನೀರು ಬಿಡದೆ ಗಟ್ಟಿಯಾಗಿರಿ, ಯಾರ ಮರಿಯನ್ನೂ ಮುಟ್ಟದೆ.

ಹೀಗೆಯೇ ಮುಗಿಸಬೇಕೆಂದು ಸೃಷ್ಟಿ ಹಟ ಹಿಡಿದದ್ದರಿಂದ ಮಾತ್ರ,
ತಮ್ಮ ವಿಶ್ವಾಸಿ,
ಸಿದರಾಯ
ಅನಗೋಳ, ಬೆಳಗಾವಿ

ತಾ.ಕ.: ಸೃಷ್ಟಿ ತಮ್ಮನ್ನು ನನ್ನ ಫೋನಿಗೂ ತಂದು ಕೂರಿಸಿದ್ದಾಳೆ. ಆ ಪರದೆಯ ಮೇಲಿರುವುದು ನನ್ನ ಕೊನೆಯ ಹಿಂಡಿನ ಫೋಟೊ, ಮಾರುವ ದಿನ ತೆಗೆಸಿದ್ದು. ತಾವು ಸರಿಯಾಗಿ ಕುರಿಗಳ ನಡುವೆಯೇ ಕುಂತಿದ್ದೀರಿ. ಇಪ್ಪತ್ತಮೂರಿವೆ. ದಿನಾ ಬೆಳಿಗ್ಗೆ ಎಣಿಸುತ್ತೇನೆ, ಹಂಡ್ಯಾನೂ ಬಾಜೂ ಕುಂತು ನೋಡುತ್ತಾನೆ. ಇಂದಿನ ತನಕ ಲೆಕ್ಕ ಸರಿಯಿದೆ.