ಅಸಲಿ ಕುಂಟ ಕಡವೆ

ಎಲ್ಲ ಅನರ್ಥಕ್ಕೂ ಮೂಲ ಬಟ್ಟೆ ಒಣಗಿಸುವ ಯಂತ್ರ. ಶನಿವಾರ ಬೆಳಿಗ್ಗೆ ಅದು ಗಡಗಡ ಎನ್ನುತ್ತಿದ್ದಾಗಲೇ ಫೋನು ಬಂತು. ಮಾರ್ಲಾ ಪ್ರೂಯಿಟ್ ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದು ಕಿವಿಗೆ ಬಿದ್ದಷ್ಟನ್ನು, ಸ್ನಾನ ಮುಗಿಸಿ ಬಂದ ಗಂಡನಿಗೆ ಒಪ್ಪಿಸಿದಳು.

"ಬ್ರೂವರಿಯಿಂದ ಯಾರೋ ಹೆಂಗಸು. ನೀನು ಅವರ ಕುಂಟ ಕಡವೆ ಬಿಯರನ್ನ ಮನೇಲಿ ಮಾಡ್ತಿದೀಯ ಅಂತ ಗೊತ್ತಾಯ್ತಂತೆ. ಮೂರು ಗಂಟೆಗೆ ಬರ್ತಾಳಂತೆ. ಏನನ್ನೂ ಚೆಲ್ಲಬೇಡಿ, ಎಸೀಬೇಡಿ ಅಂತ ಎರಡೆರಡು ಸಲ ಹೇಳಿದ್ಲು."

"ನನ್ನ ಮನೇಲಿ ನಾನು ಏನು ಚೆಲ್ಲಬೇಕು ಅಂತ ಹೇಳೋಕೆ ಅವಳ್ಯಾರು?"

ವೆಂಡೆಲ್ ಪ್ರೂಯಿಟ್‌ನ ಬೋಳುತಲೆ ಕೆಂಪಗಾಯಿತು. ಸಿಟ್ಟು ಅವನ ಮುಖಕ್ಕಿಂತ ಮೊದಲು ನೆತ್ತಿಗೇ ಏರುತ್ತಿತ್ತು. ಆರೆಗಾನಿನ ಆ ಪುಟ್ಟ ಊರಿನಲ್ಲಿ ಅವನು ಓಡಿಸುವ ಶಾಲೆಯ ಬಸ್ಸಿನ ಮಕ್ಕಳು ಹಿಂದಿನ ಸೀಟಿನಿಂದಲೇ ಆ ತಲೆ ನೋಡಿ ಅವತ್ತು ಗಲಾಟೆ ಮಾಡಬಹುದೋ ಬಾರದೋ ಎಂದು ತೀರ್ಮಾನಿಸುತ್ತಿದ್ದರು.

ಎರಡು ವರ್ಷದಿಂದ ಆ ನೆತ್ತಿ ಆರಿರಲಿಲ್ಲ. ಹದಿನೈದು ವರ್ಷ ಅವನು ಪ್ರೀತಿಯಿಂದ ಕುಡಿದ ಬಿಯರು ಕುಂಟ ಕಡವೆ. ಕಂದುಬಣ್ಣ, ಸುಟ್ಟ ರೊಟ್ಟಿಯಂಚಿನ ವಾಸನೆ, ಕೊನೆಯಲ್ಲಿ ನಾಲಿಗೆಯನ್ನು ಸಣ್ಣಗೆ ಚಿವುಟುವ ಕಹಿ. ಒಂದು ದಿನ ಬ್ರೂವರಿಯವರು ಅದಕ್ಕೆ ಮಾವಿನಹಣ್ಣಿನ ರಸ ಬೆರೆಸಿ, ಬಾಟಲಿಗೆ ಅಂಟಿಸುವ ಚೀಟಿಯ ಮೇಲಿನ ಕಡವೆಗೆ ತಂಪು ಕನ್ನಡಕ ತೊಡಿಸಿದರು. ವೆಂಡೆಲ್ ಏಳು ಕಾಗದ ಬರೆದು ಉಗಿದ. ಉತ್ತರವಾಗಿ ಮಾವಿನ ಬಿಯರಿನ ಎರಡು ಬಾಟಲಿ ಉಡುಗೊರೆಯಾಗಿ ಬಂದವು.

ಅವತ್ತೇ ಅವನು ಗರಾಜಿನಲ್ಲಿ ಒಲೆ ಹೂಡಿದ. ಮನೆಯಲ್ಲಿ ಉಳಿದಿದ್ದ ಮೂರು ಹಳೆಯ ಬಾಟಲಿಗಳ ತಳದ ಗಷ್ಟನ್ನು ಚಮಚದಿಂದ ಕೆರೆದು, ಅದರಲ್ಲಿ ನಿದ್ದೆ ಹೋಗಿದ್ದ ಯೀಸ್ಟನ್ನು ಮೊಳಕೆ ಬಾರ್ಲಿಯ ಕಷಾಯ ಕುಡಿಸಿ ಎಬ್ಬಿಸಿದ. ಆ ಜಾಡಿಯನ್ನು ಬಾಣಂತಿಯಂತೆ ಬೆಚ್ಚಗೆ ನೋಡಿಕೊಂಡ. ಹನ್ನೊಂದು ಸಲ ಬೇಯಿಸಿದ್ದು ಹನ್ನೊಂದು ಬಗೆಯಲ್ಲಿ ಕೆಟ್ಟಿತು. ಹನ್ನೆರಡನೆಯದು ಬಾಯಿಗೆ ಬಿದ್ದಾಗ ವೆಂಡೆಲ್ ಗರಾಜಿನ ನೆಲದ ಮೇಲೆ ಕೂತುಬಿಟ್ಟ. ಅದೇ ರುಚಿ! ನಲವತ್ತೆಂಟು ಬಾಟಲಿ ತುಂಬಿಸಿ, ಕಡವೆಯ ಚಿತ್ರ ತಾನೇ ಬರೆದು, ಕೆಳಗೆ ದಪ್ಪಕ್ಷರದಲ್ಲಿ 'ಅಸಲಿ ಕುಂಟ ಕಡವೆ' ಎಂದು ಅಚ್ಚು ಹಾಕಿಸಿ, ಹೊಟ್ಟೆಯುರಿಯೆಲ್ಲ ಸೇರಿಸಿ ಆ ಚೀಟಿಗಳನ್ನು ಗಟ್ಟಿ ಅಂಟಿನಿಂದ ಅಂಟಿಸಿದ.

"ಅವರಿಗೆ ಹೇಳಿದ್ದು ಯಾರು?" ಎಂದು ವೆಂಡೆಲ್ ಕೂಗುವಷ್ಟರಲ್ಲಿ ಪಕ್ಕದ ಮನೆಯ ಕ್ಲೈಡ್ ಟಟಲ್ ಕಾಫಿ ಲೋಟದ ಸಮೇತ ಅಡುಗೆಮನೆಯಲ್ಲಿದ್ದ. ಜಗಳದ ವಾಸನೆ ಹಿಡಿದು ಬರುವುದರಲ್ಲಿ ಅವನಿಗೆ ಸಮನಾದವರು ಆ ಬೀದಿಯಲ್ಲಿರಲಿಲ್ಲ.

"ನಾನೊಂದು ಫೋಟೋ ಹಾಕಿದ್ದೆ ಕಣೋ, ಇಂಟರ್ನೆಟ್ಟಲ್ಲಿ. ನೀನು ಕೊಟ್ಟ ಬಾಟಲಿದು. 'ಕಂಪನಿಯೋರು ನಾಚ್ಕೋಬೇಕು' ಅಂತ ಬರೆದಿದ್ದೆ. ನಿನ್ನ ಮೇಲಿನ ಅಭಿಮಾನಕ್ಕೆ."

"ನಿನ್ನ ಅಭಿಮಾನಕ್ಕೆ ಬೆಂಕಿ ಬೀಳ!"

"ಕಿರುಚಬೇಡ, ಯೋಚನೆ ಮಾಡೋಣ," ಎಂದು ಕ್ಲೈಡ್ ಎದುರುಮನೆಯ ಆರ್ಡಿತ್‌ಳನ್ನು ಕರೆತಂದ. ಆರ್ಡಿತ್ ಮೂವತ್ತು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ಮುದುಕಿ. ಜಡ್ಜುಗಳು ಏನೂ ತಿಳಿಯದವರೆಂದೂ, ತೀರ್ಪಿನ ಕಾಗುಣಿತವನ್ನೆಲ್ಲ ತಾನೇ ತಿದ್ದುತ್ತಿದ್ದೆನೆಂದೂ ಹೇಳಿಕೊಳ್ಳುತ್ತಿದ್ದಳು.

"ಮನೇಲಿ ಬಿಯರ್ ಮಾಡೋದು ತಪ್ಪಲ್ಲಪ್ಪ," ಎಂದಳು ಕನ್ನಡಕ ಏರಿಸಿ. "ಅವರ ಹೆಸರು ಹಾಕಿದೀಯಲ್ಲ, ಅದು ತಪ್ಪು. ಏನನ್ನೂ ಎಸೀಬೇಡಿ ಅಂದ್ಲಾ? ಸಾಕ್ಷಿ ನಾಶ ಮಾಡಬೇಡಿ ಅಂತ ಅರ್ಥ. ಕೋರ್ಟಿಗೆ ಎಳೆಯೋರು ಮರ್ಯಾದೆಯಾಗಿ ಮಾತಾಡಿದ್ರೆ ಮನೆ ಹೋಯ್ತು ಅಂತಲೇ ಲೆಕ್ಕ."

"ಮನೇನಾ?" ಎಂದು ಮಾರ್ಲಾ ಕುರ್ಚಿ ಹಿಡಿದುಕೊಂಡಳು.

"ಚೀಟಿ ಕಿತ್ತುಬಿಟ್ರೆ ಆಯ್ತು," ಎಂದು ವೆಂಡೆಲ್ ಹಲ್ಲು ಕಡಿಯುತ್ತ ಬಾಟಲಿಗಳನ್ನು ಸ್ನಾನದ ತೊಟ್ಟಿಗೆ ಇಳಿಸಿದ. ಚೀಟಿಗಳು ಕದಲಲಿಲ್ಲ. "ಬಿಸಿನೀರು ಬಿಡು, ಇನ್ನೂ ಬಿಸಿ," ಎಂದು ಬಾಗಿಲಲ್ಲಿ ನಿಂತು ಕ್ಲೈಡ್ ಅಪ್ಪಣೆ ಕೊಟ್ಟ. ಬಿಸಿನೀರು ಬಿದ್ದದ್ದೇ ತಡ, ಒಂದು ಬಾಟಲಿ ಢಮ್ಮೆಂದು ಸಿಡಿಯಿತು. ಅದರ ಬೆನ್ನಿಗೇ ಇನ್ನೊಂದು. ನೊರೆ ಚಾವಣಿಗೆ ಹಾರಿ, ಅಲ್ಲಿಂದ ವೆಂಡೆಲ್‌ನ ಕೆಂಡದಂಥ ನೆತ್ತಿಗೆ ತೊಟತೊಟ ತೊಟ್ಟಿಕ್ಕಿತು. ಕಡವೆ ಮಾತ್ರ ಒಡೆದ ಗಾಜಿನ ಚೂರಿನ ಮೇಲೂ ಹಾಗೇ ಅಂಟಿಕೊಂಡು ಅವನನ್ನೇ ನೋಡುತ್ತಿತ್ತು.

"ನನ್ನ ಹೊಸ ಪರದೆ!" ಎಂದು ಮಾರ್ಲಾ ಚೀರಿದಳು. "ವೆಂಡೆಲ್, ಇದೆಲ್ಲ ಈಗಲೇ ಈ ಮನೆಯಿಂದ ಹೊರಗೆ ಹೋಗಬೇಕು. ಇಲ್ಲಾಂದ್ರೆ ನಾನು ಹೋಗ್ತೀನಿ."

ಸಾಕ್ಷಿಯೇ ಇಲ್ಲದಿದ್ದರೆ ಕೇಸೂ ಇಲ್ಲ, ಸುರಿದುಬಿಡುವುದೇ ಸರಿ ಎಂದು ಕೊನೆಗೆ ಆರ್ಡಿತ್ ತೀರ್ಪು ಕೊಟ್ಟಳು. "ಎಲ್ಲಾ ಒಂದೇ ಕಡೆ ಸುರಿದ್ರೆ ಬೀದಿಯೆಲ್ಲ ನಾರುತ್ತೆ," ಎಂದು ಕ್ಲೈಡ್ ಅರ್ಧದಷ್ಟನ್ನು ಕೈಗಾಡಿಯಲ್ಲಿ ಹೇರಿಕೊಂಡ. "ನಮ್ಮ ಹಿತ್ತಲಲ್ಲಿ ಸುರೀತೀನಿ ಬಿಡು. ಸ್ನೇಹಿತ ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

ತನ್ನ ಪಾಲಿನ ಬಾಟಲಿಗಳನ್ನು ವೆಂಡೆಲ್ ಗುಲಾಬಿ ಗಿಡದ ಬುಡದಲ್ಲಿ ಒಂದೊಂದಾಗಿ ಕವುಚಿದ. ಒಂದೊಂದಕ್ಕೂ ಬ್ರೂವರಿಯವರ ಒಂದೊಂದು ತಲೆಮಾರನ್ನು ಬೈದ. ಆಮೇಲೆ ಒಳಗೆ ಬಂದು ಫ್ರಿಜ್ಜಿನಿಂದ ಜಾಡಿ ತೆಗೆದ. ತಳದಲ್ಲಿ ಎರಡು ಬೆರಳು ಕೆನೆಬಣ್ಣದ ಯೀಸ್ಟು.

"ಅದೂ ಅವರದ್ದೇ ಅಲ್ವೇನಪ್ಪ?" ಎಂದಳು ಆರ್ಡಿತ್. "ಅದಕ್ಕೆ ಕಳ್ಳತನ ಅಂತಾರೆ."

"ಕಳ್ಳತನವಂತೆ! ಬಾಟಲಿಯ ತಳದಲ್ಲಿ ಉಳಿದದ್ದು ಕಣ್ರೀ. ಎರಡು ವರ್ಷ ಸಾಕಿದೀನಿ."

ವೆಂಡೆಲ್ ಜಾಡಿಯನ್ನು ಮೂಗಿನ ಹತ್ತಿರ ಒಂದು ಗಳಿಗೆ ಹಿಡಿದ. ಆಮೇಲೆ ಮೋರಿಗೆ ಸುರಿದು, ಮೇಲೊಂದು ಪಾತ್ರೆ ಕುದಿಯುವ ನೀರನ್ನೂ ತಾನೇ ಹುಯ್ದ. ಅವನ ನೆತ್ತಿ ಅವತ್ತು ಮೊದಲ ಸಲ ಬಿಳಿಚಿಕೊಂಡಿತು.

ಅಷ್ಟಕ್ಕೇ ಬಿಡದೆ ಆರ್ಡಿತ್ ಒಂದು ಹೇಳಿಕೆ ಟೈಪು ಮಾಡಿ ತಂದಳು. 'ವೆಂಡೆಲ್ ಪ್ರೂಯಿಟ್ ಎಂಬ ನಾನು ನನ್ನ ಜೀವಮಾನದಲ್ಲಿ ಯಾವ ಬಿಯರನ್ನೂ ತಯಾರಿಸಿರುವುದಿಲ್ಲ, ತಯಾರಿಸುವ ವಿದ್ಯೆಯೂ ನನಗೆ ತಿಳಿದಿರುವುದಿಲ್ಲ.' ವೆಂಡೆಲ್ ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ.

ಮೂರಕ್ಕೆ ಸರಿಯಾಗಿ ಬಾಗಿಲ ಗಂಟೆ ಸದ್ದು ಮಾಡಿತು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ, ಕೈಯಲ್ಲಿ ಐಸ್ ಪೆಟ್ಟಿಗೆ ಹಿಡಿದ ಗಟ್ಟಿಮುಟ್ಟಾದ ಹೆಂಗಸು. "ನಾನು ಜೋಲೀನ್ ಫೆರ್, ಬ್ರೂವರಿಯಲ್ಲಿ ಬಿಯರು ಬೇಯಿಸೋಳು. ಮಿಸ್ಟರ್ ಪ್ರೂಯಿಟ್, ನಿಮ್ಮ ಹತ್ರ..."

"ನಾನು ಮಾಡಿಲ್ಲ!" ಎಂದು ವೆಂಡೆಲ್ ಕಾಗದವನ್ನು ಅವಳ ಕೈಗೆ ತುರುಕಿದ. "ಓದ್ಕೊಳ್ಳಿ!"

ಜೋಲೀನ್ ಓದಿದಳು. ಭುಜ ಇಳಿಬಿಟ್ಟು ಪೆಟ್ಟಿಗೆಯ ಮೇಲೆಯೇ ಕೂತಳು.

"ಅಯ್ಯೋ. ಎಷ್ಟು ಆಸೆ ಇಟ್ಕೊಂಡು ಬಂದೆ. ಮಾವಿನ ರಸ ಯಾರಿಗೂ ಬೇಡವಾಗಿದೆ. ಹಳೇದನ್ನೇ ಮಾಡಿ ಅಂತ ಯಜಮಾನರು ಒಪ್ಪಿದ್ರು. ಆದರೆ ಹಳೇ ಯೀಸ್ಟಿಟ್ಟಿದ್ದ ತಣ್ಣನೆ ಕೋಣೆ ಕೆಟ್ಟು ಎಲ್ಲಾ ಸತ್ತುಹೋಗಿತ್ತು. ಆ ಫೋಟೋ ನೋಡಿ, ಯಾರೋ ಅದನ್ನ ಬದುಕಿಸಿಕೊಂಡಿದಾರೆ ಅಂದ್ಕೊಂಡೆ, ನಿಮ್ಮ ಏಳು ಕಾಗದ ನೆನಪಾಗಿ ನೀವೇ ಇರಬೇಕು ಅಂತ ಫೋನ್ ಮಾಡಿದೆ. ಒಂದು ಚಮಚ ಗಷ್ಟು ಸಿಕ್ಕಿದ್ರೆ ಸಾಕಿತ್ತು. ಬದುಕಿಸಿದೋರ ಹೆಸರು ಬಾಟಲಿ ಮೇಲೆ ಹಾಕ್ತಿದ್ವಿ. ಬದುಕಿರೋವರೆಗೂ ತಿಂಗಳಿಗೊಂದು ಪೆಟ್ಟಿಗೆ ಬಿಯರು."

ವೆಂಡೆಲ್ ಮೆಲ್ಲಗೆ ಮೋರಿಯ ಕಡೆ ತಿರುಗಿದ. ಆರ್ಡಿತ್ ಗೋಡೆಯ ಕ್ಯಾಲೆಂಡರನ್ನು ಆಳವಾಗಿ ಅಭ್ಯಾಸ ಮಾಡತೊಡಗಿದಳು.

ಆಗ ಕ್ಲೈಡ್ ಗಂಟಲು ಸರಿಮಾಡಿಕೊಂಡ. "ನಮ್ಮ ಗರಾಜಿನಲ್ಲಿ ಇಪ್ಪತ್ತಮೂರು ಬಾಟಲಿ ಇದೆ."

"ನೀನು ಸುರೀಲಿಲ್ವಾ?" ವೆಂಡೆಲ್‌ಗೆ ಅವನನ್ನು ಅಪ್ಪಿಕೊಳ್ಳಬೇಕೋ ಕತ್ತು ಹಿಚುಕಬೇಕೋ ತಿಳಿಯಲಿಲ್ಲ.

"ಅಂಥ ಬಿಯರನ್ನ ಯಾವ ಮನುಷ್ಯ ಸುರೀತಾನೆ, ಮಾರಾಯ?"

ಬಾಟಲಿ ಬಂತು. ಜೋಲೀನ್ ಒಂದು ಗುಟುಕು ಕುಡಿದಳು. ಅವಳ ಕಣ್ಣು ತೇವವಾಯಿತು. "ಇದೇ! ಇದೇ ಅದು! ಯಾರು ಮಾಡಿದ್ದು?"

"ನಾನು!" ಎಂದ ವೆಂಡೆಲ್.

"ನಾನು," ಎಂದ ಕ್ಲೈಡ್, ಮೆತ್ತಗೆ.

ಜೋಲೀನ್ ಕೈಯಲ್ಲಿದ್ದ ಕಾಗದವನ್ನೂ ವೆಂಡೆಲ್‌ನ ಉರಿಯುವ ನೆತ್ತಿಯನ್ನೂ ನೋಡಿದಳು. ಆಮೇಲೆ ಕ್ಲೈಡನನ್ನು ಕೇಳಿದಳು: "ಕಹಿ ಬರೋಕೆ ಹಾಪ್ಸ್ ಹೂವು ಎಷ್ಟು ಸಲ ಹಾಕಿದ್ರಿ?"

"ಮೂರು ಸಲ. ಕೊನೇದು ಒಲೆ ಆರಿಸಿದ ಮೇಲೆ," ಎಂದ ಕ್ಲೈಡ್ ತಡವರಿಸದೆ. ಬಾರ್ಲಿಯನ್ನು ಎಷ್ಟು ಹುರಿಯಬೇಕು, ಯಾವ ಬಿಸಿಯಲ್ಲಿ ನೆನೆಸಬೇಕು, ಎಲ್ಲವನ್ನೂ ಪಟಪಟನೆ ಹೇಳಿದ. ಎರಡು ವರ್ಷ ಪ್ರತಿ ಭಾನುವಾರ ಬೇಲಿಯ ಮೇಲೆ ಮೊಣಕೈಯೂರಿ ವೆಂಡೆಲ್ ಅವನ ಕಿವಿಯಲ್ಲಿ ಸುರಿದಿದ್ದು ಅದನ್ನೇ.

"ಸುಳ್ಳು! ಕಳ್ಳ! ಆ ಕಾಗದ ನಾನು ಸಿಟ್ಟಲ್ಲಿ ಸಹಿ ಹಾಕಿದ್ದು! ಆರ್ಡಿತ್, ನೀವಾದ್ರೂ ಹೇಳ್ರೀ!"

"ಸಹಿ ಹಾಕಿದ ಮೇಲೆ ಇಲ್ಲ ಅಂದ್ರೆ ಕೋರ್ಟಲ್ಲಿ ಬೇರೆಯದೇ ಅಪರಾಧ ಕಣಪ್ಪ," ಎಂದಳು ಆರ್ಡಿತ್, ಕ್ಯಾಲೆಂಡರಿನಿಂದ ಕಣ್ಣು ಕೀಳದೆ.

ಜೋಲೀನ್ ಐಸ್ ಪೆಟ್ಟಿಗೆ ತುಂಬಿಕೊಂಡು ಕ್ಲೈಡನ ಹೆಗಲ ಮೇಲೆ ಕೈಹಾಕಿ ನಡೆದಳು.

ಮೂರು ತಿಂಗಳಾದ ಮೇಲೆ ಅಂಗಡಿಯಲ್ಲಿ ಹೊಸ ಬಾಟಲಿ ಬಂತು. ಕಡವೆಯ ಪಕ್ಕದಲ್ಲಿ ಕ್ಲೈಡ್ ಟಟಲ್ ಹಲ್ಲುಕಿರಿದು ನಿಂತಿದ್ದ. ವೆಂಡೆಲ್ ಒಂದನ್ನು ಕೊಂಡು ತಂದು, ಪೆನ್ನು ಕಾಗದ ಮೇಜಿನ ಮೇಲೆ ಸಿದ್ಧವಾಗಿಟ್ಟುಕೊಂಡು ಕುಡಿದ. ಒಂದು ಗುಟುಕು, ಇನ್ನೊಂದು ಗುಟುಕು, ಪೂರ್ತಿ ಬಾಟಲಿ. ಆಮೇಲೆ ಇನ್ನೊಂದನ್ನು ತಂದು ಅದನ್ನೂ ಕುಡಿದ.

"ಬರೆದ್ಯಾ?" ಎಂದು ಮಾರ್ಲಾ ಒಳಗಿನಿಂದ ಕೇಳಿದಳು.

ವೆಂಡೆಲ್ ಖಾಲಿ ಕಾಗದವನ್ನು ಮುದುರಿ ಗೋಡೆಗೆ ಎಸೆದ. ಬೈಯಲು ಒಂದೇ ಒಂದು ತಪ್ಪು ಕೂಡ ಆ ಬಿಯರಿನಲ್ಲಿರಲಿಲ್ಲ.